ಪ್ರವಾಸ ಪ್ರಶ್ನೋತ್ತರ: ಮನೆಮಂದಿಯೆಲ್ಲ ಮುಂಬೈಗೆ ಹೊರಟಾಗ

ಶಾಲೆಗಳ ರಜೆ ಹತ್ತಿರ ಬಂದಂತೆ ಮುಂಬೈ ಪ್ರವಾಸದ ಬಗ್ಗೆ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರಿಂದ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಆರು ಜನ. ನಾವಿಬ್ಬರು, 11 ಮತ್ತು 4 ವರ್ಷದ ಮಕ್ಕಳು, ಅತ್ತೆ, ಮಾವ. ಅತ್ತೆಯವರಿಗೆ ಮಂಡಿನೋವು. ಡಿಸೆಂಬರ್‌ನಲ್ಲಿ ನಾಲ್ಕು ದಿನ ಮುಂಬೈ ನೋಡಬೇಕೆಂದಿದ್ದೇವೆ. ಒಂದೇ ದಿನದಲ್ಲಿ ಹದಿನೆಂಟು ಸ್ಥಳ ತೋರಿಸುವ ಬಸ್ಸು ಇದೆಯಂತೆ. ಅದರಲ್ಲಿ ಹೋದರೆ ಸಾಕೇ?
— ಗೃಹಿಣಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಕೈಯಲ್ಲಿ ಒಂದೇ ದಿನ ಇದ್ದವರಿಗೆ ಆ ಬಸ್ಸು ಆಗಬಹುದು, ನಿಮಗೆ ಬೇಡ. ಹದಿನೆಂಟರಲ್ಲಿ ಅರ್ಧದಷ್ಟನ್ನು ಕಿಟಕಿಯಿಂದಲೇ ತೋರಿಸುತ್ತಾರೆ. ಉಳಿದ ಕಡೆ ಇಳಿಸಿ ಇಪ್ಪತ್ತು ನಿಮಿಷದಲ್ಲಿ ವಾಪಸ್ ಬನ್ನಿ ಎನ್ನುತ್ತಾರೆ. ಮಂಡಿನೋವಿನವರು ಇಳಿದು, ದಾರಿ ದಾಟಿ, ಕೂರಲು ಜಾಗ ಹುಡುಕುವಷ್ಟರಲ್ಲಿ ಆ ಇಪ್ಪತ್ತು ನಿಮಿಷ ಮುಗಿದಿರುತ್ತದೆ.

ಮುಂಬೈ ಉತ್ತರ ದಕ್ಷಿಣವಾಗಿ ಚಾಚಿಕೊಂಡ ಕಿರಿದಾದ ಭೂಮಿ. ಪಶ್ಚಿಮಕ್ಕೆ ತೆರೆದ ಅರಬ್ಬಿ ಸಮುದ್ರ. ಬಂದರು, ಹಡಗುಕಟ್ಟೆ, ಗೇಟ್‌ವೇ ಆಫ್ ಇಂಡಿಯಾ ಕಮಾನು ಇರುವುದು ಪೂರ್ವದಲ್ಲಿ. ಹೊಸಬರು ಬೆಳಿಗ್ಗೆ ಪಶ್ಚಿಮದ ಕಡಲಂಚಿನ ಮರೀನ್ ಡ್ರೈವ್‌ಗೆ ಹೋಗುತ್ತಾರೆ, ಅಲ್ಲಿ ಹನ್ನೊಂದು ಗಂಟೆಗೆ ನೆರಳಿಲ್ಲದ ಕಾಂಕ್ರೀಟ್ ಕಟ್ಟೆ ಕಾದಿರುತ್ತದೆ. ಸಂಜೆ ಗೇಟ್‌ವೇಗೆ ಬಂದು ಗುಹೆಗಳಿರುವ ಎಲಿಫೆಂಟಾ ದ್ವೀಪದ ದೋಣಿ ಕೇಳಿದರೆ ಹೊರಡುವ ದೋಣಿಗಳು ಮುಗಿದಿರುತ್ತವೆ. ಬೆಳಿಗ್ಗೆ ಪೂರ್ವದ ದಡ, ನಡು ಮಧ್ಯಾಹ್ನ ಒಳಗೆ ಕೂತು ನೋಡುವ ಜಾಗ, ಸಂಜೆ ಪಶ್ಚಿಮದ ದಡ: ಈ ಕ್ರಮ ಹಿಡಿದರೆ ಬಿಸಿಲೂ ಕಡಿಮೆ, ಓಡಾಟವೂ ಕಡಿಮೆ.

ಇನ್ನೊಂದು, ವಾರದ ರಜೆ. ಎಲಿಫೆಂಟಾ ಗುಹೆ ಮತ್ತು ನೆಹರೂ ತಾರಾಲಯ ಸೋಮವಾರ ಮುಚ್ಚಿರುತ್ತವೆ. ಬೈಕಲಾದ ಪ್ರಾಣಿಸಂಗ್ರಹಾಲಯ, ಅದರ ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ಬುಧವಾರ ಮುಚ್ಚಿರುತ್ತವೆ. ಸಿದ್ಧಿವಿನಾಯಕನಿಗೆ ಮಂಗಳವಾರ ಭಾರೀ ನೂಕುನುಗ್ಗಲು. ಭಾನುವಾರ ಹಳಿ ದುರಸ್ತಿಗಾಗಿ ಲೋಕಲ್ ರೈಲಿನ ಕೆಲವು ಮಾರ್ಗಗಳಲ್ಲಿ ನಡುಹಗಲಲ್ಲಿ ಮೆಗಾಬ್ಲಾಕ್, ಅಂದರೆ ಸಂಚಾರ ತಡೆ, ಇರುತ್ತದೆ. ಇವೆಲ್ಲ ಸೇರಿಸಿ ನೋಡಿದರೆ ಮಂಗಳವಾರ ಬೆಳಿಗ್ಗೆ ತಲುಪಿ ಶುಕ್ರವಾರ ರಾತ್ರಿ ಹೊರಡುವುದು ನಿಮಗೆ ಹೇಳಿ ಮಾಡಿಸಿದಂತಿದೆ.

ಮಂಗಳವಾರ ಏನನ್ನೂ ನೋಡಲು ಹೊರಡಬೇಡಿ. ರಾತ್ರಿಯೆಲ್ಲ ರೈಲಿನಲ್ಲಿ ಬಂದ ಹಿರಿಯರು ಮಧ್ಯಾಹ್ನದವರೆಗೆ ಮಲಗಲಿ. ಸಂಜೆ ಐದಕ್ಕೆ ಮರೀನ್ ಡ್ರೈವ್. ಡಿಸೆಂಬರ್‌ನಲ್ಲಿ ಸೂರ್ಯ ಆರು ಗಂಟೆಯ ಹೊತ್ತಿಗೆ ಮುಳುಗುತ್ತಾನೆ, ಮೇ ಕೊನೆಯಲ್ಲಾದರೆ ಏಳು ದಾಟುತ್ತದೆ. ಸುಮಾರು 3.6 ಕಿಲೋಮೀಟರ್ ಉದ್ದದ ಆ ದಂಡೆಯನ್ನು ಪೂರ್ತಿ ನಡೆಯಬೇಕಿಲ್ಲ, ಚರ್ಚ್‌ಗೇಟ್ ಎದುರಿಗೆ ಕೂತರೆ ಸಾಕು. ಎದುರು ಬದಿಯ ದುಂಡು ಮೂಲೆಯ ಹಳೆಯ ಮನೆಗಳನ್ನು ಮಕ್ಕಳಿಗೆ ತೋರಿಸಿ. ಆರ್ಟ್ ಡೆಕೊ ಎಂಬ ಶೈಲಿಯ ಆ ಕಟ್ಟಡಗಳು 2018ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಟ್ಟೆಯಾಚೆಯ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಮೇಲೆ ಮಕ್ಕಳನ್ನು ಇಳಿಯಬಿಡಬೇಡಿ. ಪಾಚಿ ಕಟ್ಟಿರುತ್ತದೆ, ಸಂದಿಗೆ ಬಿದ್ದವರನ್ನು ಎತ್ತುವುದು ಬಹಳ ಕಷ್ಟ.

ಬುಧವಾರ ಎಲಿಫೆಂಟಾ, ಅದರ ವಿವರ ಮುಂದಿದೆ. ಗುರುವಾರ ಬೆಳಿಗ್ಗೆ ಬೈಕಲಾ. ಪ್ರಾಣಿಸಂಗ್ರಹಾಲಯದಲ್ಲಿ ಮಕ್ಕಳಿಗೆ ಪೆಂಗ್ವಿನ್. ಅದೇ ಆವರಣದಲ್ಲಿ ಕಲ್ಲಿನ ದೊಡ್ಡ ಆನೆಯೊಂದಿದೆ, ತಪ್ಪದೆ ನೋಡಿ. ಎಲಿಫೆಂಟಾ ದ್ವೀಪಕ್ಕೆ ಪೋರ್ಚುಗೀಸರು ಆ ಹೆಸರಿಟ್ಟದ್ದು ಈ ಆನೆಯಿಂದಲೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಒಡೆದುಹೋಗಿ, ಆಮೇಲೆ ಇಲ್ಲಿ ಜೋಡಿಸಿ ನಿಲ್ಲಿಸಿದರು. ಹಿಂದಿನ ದಿನ ದ್ವೀಪ ನೋಡಿ ಬಂದ ಮಕ್ಕಳಿಗೆ ಅದು ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಕತ್ತಲಾದ ಮೇಲೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ನಿಲ್ದಾಣದ ದೀಪಾಲಂಕಾರವನ್ನು ಎದುರಿನ ಪಾಲಿಕೆ ಕಟ್ಟಡದ ಕಡೆಯಿಂದ ನೋಡಿ.

ಶುಕ್ರವಾರ ಬೇಗ ಸಿದ್ಧಿವಿನಾಯಕ, ಅಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಬಾಗಿಲು ತೆರೆಯುವುದು 10.15ಕ್ಕೆ. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ಗೇಟ್‌ವೇ ಕಟ್ಟಿದ ಜಾರ್ಜ್ ವಿಟೆಟ್ ಅವರದೇ ವಿನ್ಯಾಸ. ಎಲ್ಲ ಕೋಣೆ ನೋಡಲು ಹೋದರೆ ಹಿರಿಯರ ಕಾಲು ಸೋಲುತ್ತದೆ, ನೆಲ ಅಂತಸ್ತಿನ ಶಿಲ್ಪಗಳನ್ನು ನಿಧಾನವಾಗಿ ನೋಡಿದರೂ ಬಂದದ್ದು ಸಾರ್ಥಕ.

ಆರು ಜನಕ್ಕೆ ಒಂದು ಟ್ಯಾಕ್ಸಿ ಆಗುವುದಿಲ್ಲ. ಕಪ್ಪು ಹಳದಿ ಟ್ಯಾಕ್ಸಿಯಲ್ಲಿ ನಾಲ್ವರಿಗೆ ಮಾತ್ರ ಅವಕಾಶ. ಎರಡು ಟ್ಯಾಕ್ಸಿ ಮಾಡಿ, ಇಲ್ಲವೇ ಮೊಬೈಲ್ ಆ್ಯಪ್‌ನಲ್ಲಿ ಆರು ಸೀಟಿನ ಗಾಡಿ ಕರೆಸಿ. ಎರಡು ಗಾಡಿಯಾದರೆ ಒಂದೊಂದರಲ್ಲೂ ಹಿಂದಿಯೋ ಮರಾಠಿಯೋ ಬರುವ ಒಬ್ಬರು ಇರಲಿ.

ಪ್ರಶ್ನೆ: ಚಿತ್ರದುರ್ಗದಿಂದ ರೈಲಿನಲ್ಲಿ ಮುಂಬೈಗೆ ಹೋಗುವುದು ಹೇಗೆ? ಮಕ್ಕಳಿಗೆ ಟಿಕೆಟ್ ಬೇಕೇ? ಹೋದ ಸಲ ಅಪ್ಪನಿಗೆ ಮೇಲಿನ ಬರ್ತ್ ಬಂದು ಪಡಬಾರದ ಪಾಡಾಯಿತು.
— ಬ್ಯಾಂಕ್ ನೌಕರ, ತುರುವನೂರು ರಸ್ತೆ, ಚಿತ್ರದುರ್ಗ

ಉತ್ತರ: ಚಿತ್ರದುರ್ಗ ಇರುವುದು ಚಿಕ್ಕಜಾಜೂರು–ಬಳ್ಳಾರಿ ಕವಲು ಮಾರ್ಗದಲ್ಲಿ. ಮುಂಬೈ ಕಡೆಯ ರೈಲು ಓಡುವುದು ಅರಸೀಕೆರೆ–ದಾವಣಗೆರೆ–ಹುಬ್ಬಳ್ಳಿ ಮಾರ್ಗದಲ್ಲಿ. ಹಾಗಾಗಿ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್ ಬಂದು ದಾವಣಗೆರೆಯಲ್ಲಿ ಹತ್ತುವುದೇ ಮೇಲು. ಚಾಲುಕ್ಯ ಮತ್ತು ಶರಾವತಿ ಎಕ್ಸ್‌ಪ್ರೆಸ್ ಇಲ್ಲಿಂದ ಹುಬ್ಬಳ್ಳಿ, ಬೆಳಗಾವಿ, ಮೀರಜ್, ಪುಣೆ ಮೇಲೆ ಮುಂಬೈಯ ದಾದರ್ ನಿಲ್ದಾಣಕ್ಕೆ ಹೋಗುತ್ತವೆ. ಯಾವ ದಿನ ಯಾವ ರೈಲು ಎಂಬುದನ್ನು ಕಾಯ್ದಿರಿಸುವಾಗ ನೋಡಿಕೊಳ್ಳಿ.

ಮುಂಗಡ ಕಾಯ್ದಿರಿಸುವ ಅವಧಿ ಈಗ 60 ದಿನ. 2024ರ ನವೆಂಬರ್‌ಗೆ ಮುಂಚೆ ಇದ್ದ 120 ದಿನದ ಲೆಕ್ಕ ಮರೆತುಬಿಡಿ. ರಜೆಯ ದಿನಗಳಿಗೆ ಅರವತ್ತನೆಯ ದಿನ ಬೆಳಿಗ್ಗೆ 8ಕ್ಕೇ ಕೂರಬೇಕು. ಪೂರ್ತಿ ವೇಟಿಂಗ್ ಲಿಸ್ಟ್‌ನಲ್ಲಿ ಉಳಿದ ಟಿಕೆಟ್ ಹಿಡಿದು ಸ್ಲೀಪರ್ ಹತ್ತುವಂತಿಲ್ಲ. ಇಂಟರ್‌ನೆಟ್‌ನಲ್ಲಿ ಮಾಡಿಸಿದ್ದಾದರೆ ಚಾರ್ಟ್ ಆದ ಮೇಲೆ ತಾನೇ ರದ್ದಾಗಿ ಹಣ ವಾಪಸ್ ಬರುತ್ತದೆ.

ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ಟೇ ಬೇಡ. ಐದರಿಂದ ಹನ್ನೆರಡು ತುಂಬುವವರೆಗೆ ಬರ್ತ್ ಬೇಡವೆಂದರೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ತಿ ದರ. ಹತ್ತು ಹನ್ನೊಂದರ ಮಗುವಿಗೆ ಬರ್ತ್ ತೆಗೆದುಕೊಳ್ಳಿ. ಅರ್ಧ ಟಿಕೆಟ್ ಉಳಿಸಲು ಹೋದರೆ ರಾತ್ರಿ ತಂದೆಯೋ ತಾಯಿಯೋ ನಿದ್ದೆಗೆಡಬೇಕಾಗುತ್ತದೆ.

ಕೆಳಗಿನ ಬರ್ತ್ ಕೈತಪ್ಪುವುದಕ್ಕೆ ಸಾಮಾನ್ಯ ಕಾರಣ ಒಂದಿದೆ. ಹಿರಿಯರ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಸಿಗುತ್ತದೆ. ಆದರೆ ಆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರೇ ಇರಬೇಕು, ಇಬ್ಬರೂ ಆ ವಯಸ್ಸಿನವರಾಗಿರಬೇಕು. ಮನೆಯವರೆಲ್ಲರನ್ನೂ ಒಂದೇ ಟಿಕೆಟ್‌ಗೆ ಸೇರಿಸಿದರೆ ಕೋಟಾ ಅನ್ವಯಿಸುವುದಿಲ್ಲ. ಅಪ್ಪ ಅಮ್ಮನ ಟಿಕೆಟ್ ಬೇರೆ ಮಾಡಿಸಿ. ಬೇರೆ ಬೋಗಿ ಬರುವ ಸಾಧ್ಯತೆ ಇದೆ, ಆದರೂ ಪಕ್ಕದ ಬೋಗಿಯ ಕೆಳ ಬರ್ತ್ ಜೊತೆಯಲ್ಲಿನ ಮೇಲಿನ ಬರ್ತ್‌ಗಿಂತ ವಾಸಿ.

ಬಸ್ಸಿನಲ್ಲಿ ಹೋಗುವವರಿಗೆ 48ನೇ ರಾಷ್ಟ್ರೀಯ ಹೆದ್ದಾರಿ ಚಿತ್ರದುರ್ಗದಿಂದ ನೇರ ಮುಂಬೈವರೆಗೂ ಇದೆ. ಚಿಕ್ಕ ಮಕ್ಕಳಿದ್ದರೆ, ಆಗಾಗ ಶೌಚಕ್ಕೆ ಹೋಗಬೇಕಾದ ಹಿರಿಯರಿದ್ದರೆ ರೈಲೇ ಸರಿ.

ಪ್ರಶ್ನೆ: ದಾದರ್‌ನಲ್ಲಿ ಇಳಿದ ಮೇಲೆ ಆಟೋ ಸಿಗುತ್ತದೆಯೇ? ಲೋಕಲ್ ರೈಲಿನಲ್ಲಿ ಮಕ್ಕಳನ್ನು ಕರೆದೊಯ್ಯಲು ಭಯ.
— ಶಿಕ್ಷಕಿ, ಹರಿಹರ

ಉತ್ತರ: ಆಟೋ ಸಿಗುವುದಿಲ್ಲ. ಬಾಂದ್ರಾ ಮತ್ತು ಸಯನ್‌ನಿಂದ ದಕ್ಷಿಣಕ್ಕೆ, ಅಂದರೆ ನೀವು ನೋಡಬೇಕೆಂದಿರುವ ಬಹುಪಾಲು ಊರಿನಲ್ಲಿ, ಆಟೋಗಳಿಗೆ ಪ್ರವೇಶವಿಲ್ಲ. ಅಲ್ಲಿ ಟ್ಯಾಕ್ಸಿ ಮಾತ್ರ. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದಂತೆ ಮೊದಲ ಒಂದೂವರೆ ಕಿಲೋಮೀಟರಿಗೆ ಕನಿಷ್ಠ 31 ರೂಪಾಯಿ. ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕಾಲು ಭಾಗ ಹೆಚ್ಚು. "ಮೀಟರ್ ಸೇ" ಎಂದು ಹತ್ತುವ ಮುಂಚೆಯೇ ಹೇಳಿ. ನಿಲ್ದಾಣದ ಬಾಗಿಲಲ್ಲೇ ಬಂದು ಚೀಲ ಹಿಡಿಯುವವರನ್ನು ಬಿಟ್ಟು ಮುಖ್ಯರಸ್ತೆಗೆ ಬಂದು ಕೈ ಮಾಡಿದರೆ ಮೀಟರ್ ಹಾಕುವವರು ಸಿಗುತ್ತಾರೆ.

ಲೋಕಲ್ ಬಗ್ಗೆ ಭಯ ಬೇಡ, ಹೊತ್ತು ನೋಡಿ ಹತ್ತಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರಕ್ಕೆ. ಆ ಹೊತ್ತಿನಲ್ಲಿ ಆ ದಿಕ್ಕಿನ ಗಾಡಿಗೆ ಮಕ್ಕಳೊಂದಿಗೆ ಹೋಗಲೇಬಾರದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ ಕೂರಲು ಜಾಗವೂ ಸಿಗುತ್ತದೆ.

ದಾದರ್‌ನಲ್ಲಿ ಎರಡು ರೈಲ್ವೆಗಳು ಸೇರುತ್ತವೆ. 1ರಿಂದ 7ನೇ ಪ್ಲಾಟ್‌ಫಾರ್ಮ್ ಪಶ್ಚಿಮ ರೈಲ್ವೆಯದು, ಅಲ್ಲಿಂದ ಚರ್ಚ್‌ಗೇಟ್. 8ರಿಂದ 14 ಮಧ್ಯ ರೈಲ್ವೆಯದು, ಅಲ್ಲಿಂದ ಶಿವಾಜಿ ಟರ್ಮಿನಸ್. ಫಲಕದಲ್ಲಿ ಊರಿನ ಗುರುತಿನ ಪಕ್ಕ ಬರುವ ಅಕ್ಷರ ಎಸ್ ಆದರೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿ, ಎಫ್ ಆದರೆ ಕೆಲವೇ ಕಡೆ ನಿಲ್ಲುವ ಫಾಸ್ಟ್ ಗಾಡಿ. ನೀವು ಸ್ಲೋ ಗಾಡಿಗೇ ಹತ್ತಿ. ಗಾಡಿ ನಿಲ್ಲುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಇಳಿಯುವ ನಿಲ್ದಾಣದ ಹಿಂದಿನ ನಿಲ್ದಾಣದಲ್ಲೇ ಎದ್ದು ಬಾಗಿಲ ಹತ್ತಿರ ಬಂದಿರಬೇಕು. ಯಾವ ಬದಿಗೆ ಪ್ಲಾಟ್‌ಫಾರ್ಮ್ ಎಂದು ಪಕ್ಕದವರನ್ನು ಕೇಳಿದರೆ ಖಂಡಿತ ಹೇಳುತ್ತಾರೆ. ಫಸ್ಟ್ ಕ್ಲಾಸ್ ಬೋಗಿಯ ಗುರುತು ನೋಡದೆ ಸಾಮಾನ್ಯ ಟಿಕೆಟ್‌ನಲ್ಲಿ ಹತ್ತಿ ದಂಡ ತೆರುವವರು ಬಹಳ.

ಹೊರಡುವ ಮುಂಚೆ ಮನೆಯವರೆಲ್ಲ ಒಂದು ಮಾತು ಆಡಿಕೊಳ್ಳಿ. ಯಾರಾದರೂ ಹತ್ತಲಾಗದೆ ಉಳಿದರೆ, ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಕಾಯುವುದು, ಉಳಿದವರು ಹಿಂದೆ ಬರುವ ಸ್ಲೋ ಗಾಡಿ ಹಿಡಿಯುವುದು. ಚಿಕ್ಕ ಮಕ್ಕಳ ಕೈಯ ಮೇಲೆ ಫೋನ್ ನಂಬರ್ ಬರೆದಿಡಿ. ರೈಲ್ವೆ ಸಹಾಯಕ್ಕೆ 139, ಉಳಿದ ತುರ್ತಿಗೆ 112.

ಹಿರಿಯರಿಗೆ ಇದಕ್ಕಿಂತ ಸುಖವಾದ ದಾರಿ ನೆಲದಡಿಯ ಮೆಟ್ರೊ 3. 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೂ ಓಡುತ್ತಿದೆ. ದಾದರ್, ಸಿದ್ಧಿವಿನಾಯಕ, ವರ್ಲಿ, ಮಹಾಲಕ್ಷ್ಮಿ, ಶಿವಾಜಿ ಟರ್ಮಿನಸ್, ಹುತಾತ್ಮ ಚೌಕ್, ಚರ್ಚ್‌ಗೇಟ್ ಎಲ್ಲವೂ ಒಂದೇ ಗೆರೆಯಲ್ಲಿವೆ. ಲಿಫ್ಟ್ ಇದೆ, ತಂಪು ಇದೆ, ದರ 10ರಿಂದ 70 ರೂಪಾಯಿ. ಗೇಟ್‌ವೇಗೆ ಹುತಾತ್ಮ ಚೌಕ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ಕನಿಷ್ಠ ದರದ ಆಸುಪಾಸಿನಲ್ಲೇ ಮುಗಿಯುತ್ತದೆ.

ಪ್ರಶ್ನೆ: ಎಲಿಫೆಂಟಾಗೆ ದೋಣಿಯಲ್ಲಿ ಹೋಗುವುದು ಸುರಕ್ಷಿತವೇ? ಎಷ್ಟು ಹೊತ್ತು ಬೇಕು? ಮೆಟ್ಟಿಲು ಹತ್ತಲಾಗದವರು ಏನು ಮಾಡಬೇಕು?
— ನಿವೃತ್ತ ಉಪನ್ಯಾಸಕರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮುಂಬೈಯಲ್ಲಿ ಒಂದೇ ಒಂದನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇವೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೊದಲ ದೋಣಿಗಳು ಹೊರಡುತ್ತವೆ. ಹತ್ತು ಹನ್ನೊಂದು ಕಿಲೋಮೀಟರ್ ದೂರಕ್ಕೆ ಸುಮಾರು ಒಂದು ಗಂಟೆ. ಹೋಗಿಬರಲು ಎರಡು, ಗುಹೆಗೆ ಎರಡು, ಹತ್ತಿ ಇಳಿಯಲು ಒಂದು ಎಂದು ಐದು ಗಂಟೆ ಹಿಡಿಯಿರಿ. ಹನ್ನೊಂದರ ಮೇಲೆ ಹೊರಟವರು ನಡುಬಿಸಿಲಲ್ಲಿ ಮೆಟ್ಟಿಲು ಹತ್ತಬೇಕಾಗುತ್ತದೆ.

ಗೇಟ್‌ವೇ ಆವರಣಕ್ಕೆ ಭದ್ರತಾ ತಪಾಸಣೆ ದಾಟಿ ಹೋಗಬೇಕು, ದೊಡ್ಡ ಲಗೇಜು ತರಬೇಡಿ. ಟಿಕೆಟ್‌ನ್ನು ದೋಣಿ ಸಂಘದ ಕೌಂಟರ್‌ನಲ್ಲೇ ಕೊಳ್ಳಿ. ವಾಪಸ್ ಪಯಣವೂ ಅದರಲ್ಲೇ ಸೇರಿರುತ್ತದೆ, ಆ ಚೀಟಿಯನ್ನು ಜೋಪಾನ ಮಾಡಿ. ಕಷ್ಟ ಇರುವುದು ಸಮುದ್ರದಲ್ಲಲ್ಲ, ದೋಣಿ ಹತ್ತುವ ಮೆಟ್ಟಿಲಲ್ಲಿ. ನೀರು ಇಳಿದಾಗ ಕೆಳಗಿನ ಮೆಟ್ಟಿಲುಗಳು ಜಾರುತ್ತವೆ, ದೋಣಿ ಅಲೆಗೆ ಏರಿ ಇಳಿಯುತ್ತಿರುತ್ತದೆ. ದೋಣಿಯ ಅಂಚು ಮೇಲೆ ಬಂದ ಕ್ಷಣ ಕಾಲಿಡಬೇಕು, ಎರಡೂ ಕೈ ಖಾಲಿ ಇರಬೇಕು. ಅಜ್ಜಿಯರು ಸೀರೆಯ ನೆರಿಗೆ ತುಸು ಎತ್ತಿ ಸಿಕ್ಕಿಸಿಕೊಳ್ಳಲಿ, ಚೀಲ ಬೇರೆಯವರ ಕೈಯಲ್ಲಿರಲಿ. ಲೈಫ್ ಜಾಕೆಟ್ ಕೊಡುವವರೆಗೆ ಕೇಳಿ, ಮಕ್ಕಳಿಗೆ ಅವರ ಅಳತೆಯದನ್ನೇ ಹಾಕಿಸಿ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ವೇಗದೋಣಿ ಪ್ರಯಾಣಿಕರ ದೋಣಿಗೆ ಬಡಿದು ಜೀವಗಳು ಹೋದವು. ಸೆಕೆಯೆಂದು ಜಾಕೆಟ್ ಬಿಚ್ಚಿ ಕೂರುವುದು ಸಲ್ಲದು. ತುಂಬಿ ತುಳುಕುವ ದೋಣಿಯಾದರೆ ಬಿಟ್ಟುಬಿಡಿ, ಇನ್ನೊಂದು ಬರುತ್ತದೆ.

ವಾಂತಿ ಬರುವವರು ಕೆಳಗಿನ ಅಂತಸ್ತಿನ ನಡುವಿನಲ್ಲಿ ಕೂರಲಿ, ತೂಗಾಟ ಅಲ್ಲೇ ಕಡಿಮೆ. ಫೋನ್ ನೋಡದೆ ದೂರದ ದಿಗಂತ ನೋಡಬೇಕು. ಇಡ್ಲಿಯಂಥ ಹಗುರ ತಿಂಡಿ ತಿಂದಿರಬೇಕು, ಹೊಟ್ಟೆ ಪೂರ್ತಿ ಖಾಲಿ ಇದ್ದರೂ ತೊಂದರೆಯೇ. ಮಾತ್ರೆ ಬೇಕಿದ್ದವರು ವೈದ್ಯರನ್ನು ಊರಲ್ಲೇ ಕೇಳಿ ತಂದು, ಹತ್ತುವ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಲಿ. ದಾರಿಯಲ್ಲಿ ಕಾಣುವ ಯುದ್ಧನೌಕೆಗಳ ಫೋಟೊ ತೆಗೆಯಬೇಡಿ.

ದ್ವೀಪದ ಕಟ್ಟೆಯಿಂದ ಬೆಟ್ಟದ ಬುಡದವರೆಗೆ ಪುಟಾಣಿ ರೈಲಿದೆ. ಅಲ್ಲಿಂದ ಸುಮಾರು 120 ಮೆಟ್ಟಿಲು, ಎರಡೂ ಕಡೆ ಅಂಗಡಿಗಳು. ದುರ್ಗದ ಕೋಟೆ ಹತ್ತಿದವರಿಗೆ ಇದು ಲೆಕ್ಕಕ್ಕಿಲ್ಲ. ಹತ್ತಲಾಗದವರಿಗೆ ಹೊತ್ತೊಯ್ಯುವ ಡೋಲಿ ಕುರ್ಚಿ ಸಿಗುತ್ತದೆ, ಹೋಗಿಬರಲು ಎಷ್ಟೆಂದು ಕೂರುವ ಮೊದಲೇ ಮಾತಾಡಿ. ತಿಂಡಿ ಪೊಟ್ಟಣ, ನೀರಿನ ಬಾಟಲಿ ಕೈಯಲ್ಲಿ ತೂಗಾಡಿಸಿದರೆ ಕೋತಿಗಳು ಕಿತ್ತೊಯ್ಯುತ್ತವೆ. ಗುಹೆಗೆ ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ.

ಒಳಹೊಕ್ಕ ತಕ್ಷಣ ಫೋಟೊಗೆ ಮುಗಿಬೀಳಬೇಡಿ. ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ ಒಗ್ಗಲು ಐದು ನಿಮಿಷ ಬೇಕು. ಆಮೇಲೆ ಎದುರಿನ ಗೋಡೆಯಲ್ಲಿ ಸದಾಶಿವನ ಮೂರು ಮುಖಗಳು ಒಂದೊಂದಾಗಿ ತಿಳಿಯಾಗುತ್ತವೆ: ನಡುವೆ ಶಾಂತ ಮುಖ, ಒಂದು ಕಡೆ ಉಗ್ರ ಅಘೋರ, ಇನ್ನೊಂದು ಕಡೆ ಕೋಮಲ ವಾಮದೇವ. ಮೂರಾಳಿಗೂ ಮೀರಿದ ಎತ್ತರದ ಅದನ್ನು ಬಂಡೆಯೊಳಗೇ ಕೊರೆದಿದ್ದಾರೆ. ಅದರ ಎಡಬಲಕ್ಕೆ ಅರ್ಧನಾರೀಶ್ವರ, ಗಂಗಾಧರ. ಬಾಗಿಲ ಬಳಿ ನಟರಾಜ. ಕೈಲಾಸ ಅಲುಗಿಸುವ ರಾವಣನನ್ನು ಮಕ್ಕಳೇ ಹುಡುಕಲಿ. ನಿಮ್ಮಂಥ ಉಪನ್ಯಾಸಕರಿಗೆ ಇನ್ನೊಂದು ಮಾತು: ಕ್ರಿ.ಶ. 634ರ ಐಹೊಳೆ ಶಾಸನ ಇಮ್ಮಡಿ ಪುಲಕೇಶಿ ಹಡಗುಗಳ ದಂಡಿನಿಂದ ಪುರಿ ಎಂಬ ಕಡಲ ಪಟ್ಟಣವನ್ನು ಮುತ್ತಿದ್ದನ್ನು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ, ಅಂದರೆ ಎಲಿಫೆಂಟಾವೇ, ಎನ್ನುವ ವಿದ್ವಾಂಸರಿದ್ದಾರೆ.

ದ್ವೀಪದಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಕೊನೆಯ ದೋಣಿಗೆ ಕಾಯದೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹಿಂದಿರುಗಿ. ಗೇಟ್‌ವೇಯ ಫೋಟೊವನ್ನು ಊರ ಕಡೆಯಿಂದ ತೆಗೆಯಲು ಸಂಜೆ ನಾಲ್ಕರ ಬಿಸಿಲೇ ಚೆಂದ, ಆಗ ಬೆಳಕು ಪಶ್ಚಿಮದಿಂದ ನೇರ ಅದರ ಮೇಲೆ ಬೀಳುತ್ತದೆ. 1924ರಲ್ಲಿ ಉದ್ಘಾಟನೆಯಾದ ಈ ಕಮಾನಿನಡಿ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೇನಾತುಕಡಿ ನಡೆದು ಹಡಗು ಹತ್ತಿತು.

ಪ್ರಶ್ನೆ: ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ನೀರಿನಲ್ಲಿ ಮುಳುಗುತ್ತದಂತೆ. ಯಾವಾಗ ಹೋಗಬೇಕೆಂದು ಊರಲ್ಲೇ ತಿಳಿಯಬಹುದೇ?
— ಓದುಗರು, ಹೊಸದುರ್ಗ

ಉತ್ತರ: ತಿಳಿಯಬಹುದು, ಮನೆಯ ಪಂಚಾಂಗ ಸಾಕು. ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುವಂತೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಕೊಂಕಣದ ಮೀನುಗಾರರು ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ ಉಬ್ಬರದ ಗಂಟೆ ಹೇಳುತ್ತಾರೆ. ಶುಕ್ಲಪಕ್ಷವಾಗಲಿ ಕೃಷ್ಣಪಕ್ಷವಾಗಲಿ, ಚೌತಿಯಂದು ನಾಲ್ಕನ್ನು ಮುಕ್ಕಾಲರಿಂದ ಗುಣಿಸಿದರೆ ಮೂರು, ಅಂದರೆ ಹಗಲು ಮೂರು ಮತ್ತು ರಾತ್ರಿ ಮೂರರ ಸುಮಾರಿಗೆ ನೀರು ತುಂಬಿರುತ್ತದೆ. ಅಷ್ಟಮಿಯಂದು ಆರು. ಏಕಾದಶಿಗೆ ಎಂಟೂಕಾಲು. ಹುಣ್ಣಿಮೆ, ಅಮಾವಾಸ್ಯೆಗಳಂದು ಹನ್ನೆರಡರ ಆಸುಪಾಸು. ಉಬ್ಬರವಾಗಿ ಸುಮಾರು ಆರು ಗಂಟೆ ಕಳೆದ ಮೇಲೆ ಇಳಿತ. ಒಂದು ಗಂಟೆ ಹೆಚ್ಚುಕಡಿಮೆ ಆಗಬಹುದಾದ್ದರಿಂದ ಹೋಗುವ ದಿನ ಬೆಳಿಗ್ಗೆ ಮೊಬೈಲ್‌ನಲ್ಲಿ ಅಂದಿನ ಉಬ್ಬರದ ವೇಳೆಯನ್ನು ಒಮ್ಮೆ ತಾಳೆ ನೋಡಿ.

ಸುಮಾರು ಅರ್ಧ ಕಿಲೋಮೀಟರಿನ ಆ ಕಾಲುದಾರಿಗೆ ಉಬ್ಬರದ ಹಿಂದೆ ಮುಂದೆ ಎರಡೆರಡು ಗಂಟೆ ಬಿಟ್ಟು ಹೋಗಿ. ಅಷ್ಟಮಿಯ ಆಚೀಚೆ ಮಧ್ಯಾಹ್ನ ನಿರಾತಂಕ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಉಬ್ಬರ ಎತ್ತರವೂ ಹೌದು, ನಡುಹಗಲಿಗೇ ಬರುತ್ತದೆ, ಆ ದಿನಗಳಲ್ಲಿ ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತು. ನೀರು ಪಾದ ಮುಟ್ಟತೊಡಗಿದರೆ ದಾಟುವ ಸಾಹಸ ಬೇಡ, ಒಳಗಿದ್ದವರು ನೀರು ಇಳಿಯುವವರೆಗೆ ಒಳಗೇ ಇರಬೇಕು.

ಪ್ರಶ್ನೆ: ಜುಲೈನಲ್ಲಿ ಹೋದರೆ ಲಾಡ್ಜ್ ಅಗ್ಗವಂತೆ, ನಿಜವೇ? ಶುದ್ಧ ಸಸ್ಯಾಹಾರಕ್ಕೆ ಎಲ್ಲಿ ಇಳಿದುಕೊಳ್ಳಬೇಕು?
— ವ್ಯಾಪಾರಿ, ಚಳ್ಳಕೆರೆ

ಉತ್ತರ: ಜುಲೈ ಬೇಡ. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷವೆಲ್ಲ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ದೋಣಿಗಳು ನಿಲ್ಲುತ್ತವೆ, ಹಳಿಗೆ ನೀರು ಬಂದರೆ ಲೋಕಲ್ ನಿಲ್ಲುತ್ತದೆ, ಉಬ್ಬರದಲ್ಲಿ ಮರೀನ್ ಡ್ರೈವ್ ಕಟ್ಟೆಯನ್ನೇ ಅಲೆ ಹಾರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ನಿಮ್ಮ ಕಡೆಯ ಒಣ ಬಿಸಿಲಿನ ಅಂದಾಜು ಅಲ್ಲಿ ನಡೆಯುವುದಿಲ್ಲ. ಬೆವರು ಆರುವುದೇ ಇಲ್ಲ, ಅರ್ಧ ದಿನಕ್ಕೆ ತಲೆಗೆ ಒಂದು ಲೀಟರ್ ನೀರು, ಜೊತೆಗೆ ಉಪ್ಪು ಸಕ್ಕರೆ ನಿಂಬೆ ಬೇಕು.

ಇಳಿಯಲು ದಾದರ್ ಅಥವಾ ಮಾಟುಂಗಾ ಪೂರ್ವ ನೋಡಿ. ಗೇಟ್‌ವೇ ಹತ್ತಿರದ ಕೊಲಾಬಾ ದುಬಾರಿ, ಕೋಣೆಗಳೂ ಇಕ್ಕಟ್ಟು. ಮಾಟುಂಗಾದ ಕಿಂಗ್ಸ್ ಸರ್ಕಲ್ ಸುತ್ತ ದಶಕಗಳಿಂದ ಉಡುಪಿ ಹೋಟೆಲುಗಳಿವೆ, ಬಾಳೆ ಎಲೆ ಊಟ ಸಿಗುತ್ತದೆ, ಕನ್ನಡ ಕಿವಿಗೆ ಬೀಳುತ್ತದೆ. ಹನ್ನೆರಡರೊಳಗೆ ಹೋದರೆ ಸಾಲು ಕಡಿಮೆ. ಜೋಳದ ರೊಟ್ಟಿ ಬೇಕಾದರೆ ಮರಾಠಿ ಊಟದ ಮನೆಗಳಲ್ಲಿ "ಜ್ವಾರಿಚಿ ಭಾಕರಿ" ಕೇಳಿ, ಝುಣಕದ ಜೊತೆ ಕೊಡುತ್ತಾರೆ. ಖಾರ ನಿಮಗೆ ಸಪ್ಪೆ ಎನಿಸಿದರೆ ಊರಿಂದ ಶೇಂಗಾ ಚಟ್ನಿಪುಡಿ ಒಯ್ಯಿರಿ.

ಕೋಣೆ ಕಾಯ್ದಿರಿಸುವಾಗ ಮೂರು ಪ್ರಶ್ನೆ ಫೋನಿನಲ್ಲೇ ಕೇಳಿ: ಲಿಫ್ಟ್ ಇದೆಯೇ, ಬೆಳಿಗ್ಗೆ ಆರಕ್ಕೆ ಬಂದರೆ ಕೋಣೆ ಕೊಡುತ್ತೀರಾ ಅಥವಾ ಹನ್ನೆರಡರವರೆಗೆ ಕಾಯಿಸುತ್ತೀರಾ, ಕೊನೆಯ ದಿನ ಖಾಲಿ ಮಾಡಿದ ಮೇಲೆ ಸಂಜೆವರೆಗೆ ಲಗೇಜು ಇಡಬಹುದೇ. ಇಡುವುದಿಲ್ಲವೆಂದರೆ ದೊಡ್ಡ ನಿಲ್ದಾಣದ ಕ್ಲೋಕ್ ರೂಮ್ ಇದೆ. ಅಲ್ಲಿ ಬೀಗ ಹಾಕದ ಚೀಲ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಪ್ರತಿ ಚೀಲಕ್ಕೂ ಒಂದೊಂದು ಚಿಕ್ಕ ಬೀಗ ಊರಿಂದಲೇ ತನ್ನಿ. ದೊಡ್ಡವರೆಲ್ಲರ ಆಧಾರ್ ಮೂಲಪ್ರತಿ ಜೊತೆಗಿರಲಿ.